ಕನಕಾಂಬರದ ಕೈ

ಪುಟ್ಟಿ, ಗುಬ್ಬಿ, ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಮ್ಮನ ಅಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಪುಟ್ಟಿ, ಕಾಲೇಜಿನ ಎ.ಸಿ.ಯಲ್ಲಿ ಚಳಿಯಾಗುತ್ತದೆ ಎಂದು ನೀನು ಅವರಿಗೆ ಫೋನಿನಲ್ಲಿ ಹೇಳಿದ್ದೆಯಂತೆ. ಒಂದೇ ಮನೆಯಲ್ಲಿರುವ ನನಗೆ ಹೇಳಿರಲಿಲ್ಲ. ಮುಂದಿನ ಸಲ ಅವರು ತ್ಯಾಗರಾಜನಗರದ ತಮ್ಮ ಮನೆಯಿಂದ ಬಂದಾಗ ಚೀಲದಿಂದ ಕೆನೆ ಬಣ್ಣದ ಒಂದು ಶ್ರಗ್ ತೆಗೆದರು. ಕಾಟನ್ ದಾರದಲ್ಲಿ, ಕೊಕ್ಕೆ ಕಡ್ಡಿಯಿಂದ ಅವರೇ ಕ್ರೋಶಾ ಹಾಕಿದ್ದು. ಮುಂದೆ ಗುಂಡಿ ಇಲ್ಲ, ತೋಳು ಮೊಣಕೈವರೆಗೆ. ನೀನು ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿಕೊಂಡೆ.

"ನಮ್ಮ ಪುಟ್ಟಿಗೆ ಎಷ್ಟು ಒಪ್ಪುತ್ತೆ ನೋಡಿ ಬೀಗ್ರೆ," ಎಂದರು.

"ಚೆನ್ನಾಗಿದೆ," ಎಂದು ಕಾಫಿ ಮಾಡಲು ಒಳಗೆ ಹೋದೆ. ಸಕ್ಕರೆ ಹಾಕಲು ಮರೆತೆನೋ, ಮನಸ್ಸಾಗಲಿಲ್ಲವೋ, ಈಗ ಹೇಳಲಾರೆ. ಅವರು ಆ ಕಾಫಿಯನ್ನೂ ನಗುನಗುತ್ತಾ ಕುಡಿದರು. ಅದನ್ನೂ ನನಗೆ ಸಹಿಸಲಾಗಲಿಲ್ಲ.

ನನ್ನ ಸಂಕಟ ಏನೆಂದರೆ ಇದು. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನನ್ನ ಕೈಗೆ ಚೆನ್ನಾಗಿ ಬರುವ ಕೆಲಸ ಒಂದೇ, ಹೂ ಕಟ್ಟುವುದು. ನಿಮ್ಮ ತಾತ ಹೋದ ಮೇಲೆ ಮುಡಿಯುವುದನ್ನು ಬಿಟ್ಟೆ, ಕಟ್ಟುವುದನ್ನು ಬಿಡಲಿಲ್ಲ. ಪುಟ್ಟಿ, ನಿನ್ನ ಜಡೆಯಲ್ಲಿ ದಿನಾ ನಾನು ಕಟ್ಟಿದ ಮಲ್ಲಿಗೆ ಇರುತ್ತಿತ್ತು. ಹೈಸ್ಕೂಲಿಗೆ ಹೋದ ಮೇಲೆ, "ಬೇಡ ಅಜ್ಜಿ, ಎಲ್ರೂ ನಗ್ತಾರೆ," ಎಂದೆ ನೀನು. ಗುಬ್ಬಿಯದು ಬಾಬ್ ಕಟ್, ಅವಳನ್ನು ಕೇಳುವಂತೆಯೇ ಇರಲಿಲ್ಲ. ಆಮೇಲೆ ನನ್ನ ಹೂವೆಲ್ಲ ದೇವರಿಗೆ ಮತ್ತು ತಾತನ ಫೋಟೋಗೆ. ಬೀಗಿತಿಯ ಕೈಯದು ಮಾತ್ರ ದಿನಾ ಬೆಳಿಗ್ಗೆ ನಿನ್ನ ಭುಜದ ಮೇಲೆ ಕೂತು ಕಾಲೇಜಿಗೆ ಹೋಗುತ್ತಿತ್ತು. ನನ್ನ ಕೈಯದೂ ಹೋಗಬೇಕು ಅನ್ನಿಸಿತು. ಬೇರೇನೂ ಬೇಕಿರಲಿಲ್ಲ.

ಬೀಗಿತಿಯನ್ನು ಕೇಳಿದ್ದರೆ ಸಂತೋಷದಿಂದ ಕಲಿಸುತ್ತಿದ್ದರು. ಅದಕ್ಕೇ ಕೇಳಲಿಲ್ಲ. ಜಯನಗರದ ಒಂದು ದಾರದ ಅಂಗಡಿಯಲ್ಲಿ, ದಾರ ಕೊಂಡವರಿಗೆ ಅಂಗಡಿಯಾಕೆ ಮಧ್ಯಾಹ್ನ ಹೇಳಿಕೊಡುತ್ತಾಳೆಂದು ಪಕ್ಕದ ಮನೆಯಾಕೆ ಹೇಳಿದ್ದಳು. ಬನಶಂಕರಿ ಗುಡಿಗೆ ಹೋಗಿಬರುತ್ತೇನೆಂದು ನಿಮ್ಮಮ್ಮನಿಗೆ ಹೇಳಿ ಕತ್ರಿಗುಪ್ಪೆಯಲ್ಲಿ ಬಸ್ ಹತ್ತಿದೆ. ಸುಳ್ಳಾಗಬಾರದೆಂದು ಬರುವಾಗ ಗುಡಿಗೂ ಹೋಗಿ ಬಂದೆ.

ಅಂಗಡಿಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಫಸ್ಟ್ ಟೈಮಾ ಆಂಟಿ? ಹಾಗಾದ್ರೆ ಮಫ್ಲರ್ ಹಾಕಿ ಮೊದ್ಲು," ಎಂದಳು.

"ಮಫ್ಲರ್ ಬೇಡ, ಶ್ರಗ್ಗೇ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಕೆಲಸ ಅರ್ಥವಾಗದ್ದೇನಲ್ಲ. ಉದ್ದಕ್ಕೆ ಒಂದು ಪಟ್ಟಿ ಹಾಕಿ, ಮಡಿಸಿ, ಎರಡು ಕಡೆ ತೋಳಿಗೆ ಜಾಗ ಬಿಟ್ಟು ಹೊಲಿದರೆ ಶ್ರಗ್ ಆಗುತ್ತದೆ. ಕುಣಿಕೆ ಹಾಕುವುದೂ ನನಗೆ ಹೊಸದಲ್ಲ. ತೊಂದರೆಯೇ ಅಲ್ಲಿತ್ತು. ಮಲ್ಲಿಗೆ ಕಟ್ಟುವವರು ಪ್ರತಿ ಕುಣಿಕೆಯಾದ ಮೇಲೂ ದಾರವನ್ನು ಬಿಗಿಯಾಗಿ ಎಳೆಯುತ್ತಾರೆ, ಎಳೆಯದಿದ್ದರೆ ಹೂ ಉದುರುತ್ತದೆ. ನಾನು ಕ್ರೋಶಾದ ಕುಣಿಕೆಯನ್ನೂ ಹಾಗೇ ಎಳೆದೆ. ಮುಂದಿನ ಸಾಲಿಗೆ ಕಡ್ಡಿ ತೂರಲು ಜಾಗವೇ ಇಲ್ಲ.

"ಕೈ ಬಿಡಿ ಆಂಟಿ. ದಾರ ಎಲ್ಲೂ ಓಡೋಗಲ್ಲ," ಎಂದು ಆಕೆ ಹೇಳುತ್ತಲೇ ಇದ್ದಳು. ಬಿಡುತ್ತೇನೆಂದುಕೊಂಡರೂ ಹೆಬ್ಬೆರಳು ತನ್ನಷ್ಟಕ್ಕೆ ಎಳೆದುಬಿಡುತ್ತಿತ್ತು. ಅಂತೂ ಪಟ್ಟಿಯಲ್ಲಿ ಬೆನ್ನಿನಷ್ಟು ಮುಗಿಯಿತು. ಗೋಡೆಗೆ ಒರಗಿಸಿದರೆ ನಿಂತುಕೊಳ್ಳುತ್ತಿತ್ತು.

ಬಚ್ಚಿಟ್ಟಿದ್ದ ಅದನ್ನು ಒಂದು ಭಾನುವಾರ ಗುಬ್ಬಿ ಹೊರಗೆ ತಂದಳು. ಬೀಗಿತಿ ಹಾಲ್‌ನಲ್ಲಿ ಕೂತಿದ್ದರು.

"ಅಜ್ಜಿ, ಇದು ಬಿಸಿ ಪಾತ್ರೆ ಕೆಳಗೆ ಇಡೋದಾ?"

ಬೀಗಿತಿ ಅದನ್ನು ಬೆರಳಿನಿಂದ ತಟ್ಟಿ ನೋಡಿದರು. "ಇಲ್ಲ ಕಣೇ, ಕಾಲೊರೆಸೋದು. ಸಖತ್ ಗಟ್ಟಿ ಇದೆ. ನೀವೂ ಕ್ರೋಶಾ ಶುರು ಮಾಡಿದ್ರಾ ಬೀಗ್ರೆ? ಕೊಡಿ, ಏನಾಗ್ಬೇಕೋ ಹೇಳಿ, ಬಿಚ್ಚಿ ಸರಿ ಮಾಡ್ಕೊಡ್ತೀನಿ."

ಎಲ್ಲರೂ ನಕ್ಕರು. ಪುಟ್ಟಿ, ನೀನೂ ನಕ್ಕೆ.

"ಕಾಲೊರೆಸೋದೇ ಅದು," ಎಂದು ಬಚ್ಚಲ ಬಾಗಿಲಿಗೆ ಹಾಕಿಬಂದೆ. ನೀವು ಇವತ್ತಿಗೂ ತುಳಿಯುತ್ತಿರುವುದು ಅದನ್ನೇ.

ಮುಂದಿನ ಶುಕ್ರವಾರ ಹೂವಿನವಳು ಮಲ್ಲಿಗೆ ಇಲ್ಲವೆಂದು ಕನಕಾಂಬರ ಕೊಟ್ಟಳು. ಕಟ್ಟುತ್ತಾ ಕೂತವಳು ನನ್ನ ಕೈಯನ್ನೇ ನೋಡಿದೆ. ಕನಕಾಂಬರದ ತೊಟ್ಟು ಕೂದಲಿನಂತೆ, ಎಳೆದರೆ ತುಂಡಾಗುತ್ತದೆ. ಅದನ್ನು ಬಿಗಿಯುವುದಿಲ್ಲ, ದಾರವನ್ನು ಸುತ್ತ ಹಾಯಿಸಿ ಬಿಡುತ್ತೇವೆ. ಪಕ್ಕದ ಹೂಗಳು ಒತ್ತಿಕೊಂಡು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಚಿಕ್ಕಂದಿನಿಂದ ನನಗೆ ಎರಡು ಕೈ ಇದ್ದವು, ಮಲ್ಲಿಗೆಯದೊಂದು, ಕನಕಾಂಬರದ್ದೊಂದು. ಕ್ರೋಶಾಕ್ಕೆ ಮಲ್ಲಿಗೆಯ ಕೈ ಹಾಕಿದ್ದೆ.

ಮತ್ತೆ ಅಂಗಡಿಗೆ ಹೋದೆ. ತೆಳು ದಾರ, ಇನ್ನೂ ದಪ್ಪದ ಕಡ್ಡಿ ಕೊಟ್ಟಳು. ಕೆನೆ ಬಣ್ಣ ಬೇಡವೆಂದೆ, ಬೀಗಿತಿಯದರ ಪಕ್ಕದಲ್ಲಿಟ್ಟು ನೋಡುತ್ತಾರೆ. ಬೂದು ಬಣ್ಣ ತಂದೆ. ಈ ಸಲ ಪ್ರತಿ ಕುಣಿಕೆಗೂ ಕನಕಾಂಬರ ಎಂದುಕೊಂಡು ಕೈ ಬಿಟ್ಟೆ. ಸಾಲುಗಳು ಗಾಳಿಯಾಡುವಂತೆ ಬಿಡಿಬಿಡಿಯಾಗಿ ಬಂದವು. ಒಂದು ತೋಳು ಸ್ವಲ್ಪ ಅಗಲವಾಯಿತು.

ಮುಗಿದದ್ದನ್ನು ಮಡಿಸಿ, ಪುಟ್ಟಿ, ನಿನ್ನ ಕುರ್ಚಿಯ ಮೇಲಿಟ್ಟೆ. "ಥ್ಯಾಂಕ್ಸ್ ಅಜ್ಜಿ," ಎಂದೆ ನೀನು. ಆದರೆ ಅದು ಕುರ್ಚಿಯ ಮೇಲೇ ಇತ್ತು. ಕೆನೆ ಬಣ್ಣದ್ದು ಹೋಗುತ್ತಿತ್ತು, ಬರುತ್ತಿತ್ತು. ಗುಡಿಸುವಾಗಲೆಲ್ಲ ಆ ಕುರ್ಚಿಯನ್ನು ಸರಿಸದೆ ಸುತ್ತಲಷ್ಟೇ ಗುಡಿಸಿ ಮುಂದೆ ಹೋಗುತ್ತಿದ್ದೆ.

ಒಂದು ದಿನ ಮೋಡ ಕವಿದಿತ್ತು, ಕೆನೆ ಬಣ್ಣದ್ದು ತಂತಿಯ ಮೇಲೆ ಒದ್ದೆಯಾಗಿಯೇ ಇತ್ತು. ನೀನು ಬೂದು ಬಣ್ಣದ್ದನ್ನು ಹಾಕಿಕೊಂಡು ಓಡಿದೆ. ಸಂಜೆ ನೀನು ಬರುವಾಗ ಬೀಗಿತಿ ಬಂದು ಕೂತಿದ್ದರು. ಅಂಚು ಹಿಡಿದು, "ಎಲ್ಲಿ ತಗೊಂಡೆ?" ಎಂದು ಕೇಳಿದರು.

"ನಮ್ಮಜ್ಜಿ ಹಾಕಿದ್ದು. ಹಾಕ್ಕೊಂಡಿರೋದೇ ಗೊತ್ತಾಗಲ್ಲ, ಅಷ್ಟು ಲೈಟು," ಎಂದು ನೀನು ಚಪ್ಪಲಿ ಬಿಚ್ಚುತ್ತಾ ಹೇಳಿದೆ.

ಅವರು ಒಳಮೈ ತಿರುಗಿಸಿ ಬಹಳ ಹೊತ್ತು ನೋಡಿದರು. "ಇಷ್ಟು ಸಡಿಲ ಹಾಕಿದ್ರೂ ಜೋತು ಬಿದ್ದಿಲ್ವಲ್ಲ. ಹೇಗೆ ಹಾಕಿದ್ರಿ ಬೀಗ್ರೆ?" ತೋಳು ಹಿಡಿದು ನೋಡಿ, "ಈ ತೋಳು ಮಾತ್ರ ಅಗಲ ಆಗೋಗಿದೆ," ಎಂದರು.

ಅದು ಸಕ್ಕರೆ ಹಾಕದ ಕಾಫಿಯಂಥ ಮಾತು. ಆ ಮುಖವೂ ನನಗೆ ಗೊತ್ತಿದ್ದದ್ದೇ, ಎಷ್ಟೋ ದಿನ ನನ್ನದೇ ಹಾಗಿತ್ತು.

"ಅಂಗಡೀಲಿ ಹೇಳ್ಕೊಟ್ರು," ಎಂದಷ್ಟೇ ಹೇಳಿ ಒಳಗೆ ಹೋದೆ. ಅವತ್ತು ಅವರ ಕಾಫಿಗೆ ಸಕ್ಕರೆ ಸರಿಯಾಗಿ ಹಾಕಿದೆ.

ಮರುದಿನ ಬಿಸಿಲು ಬಂತು, ನೀನು ಕೆನೆ ಬಣ್ಣದ್ದೇ ಹಾಕಿಕೊಂಡು ಹೋದೆ. ಈಗ ಒಂದು ದಿನ ಅದು, ಒಂದು ದಿನ ಇದು. ಬೆಳಿಗ್ಗೆ ನೀನು ಬಾಗಿಲು ದಾಟುವಾಗ ನಾನು ಮೊದಲು ನೋಡುವುದು ನಿನ್ನ ಭುಜವನ್ನು. ಅವರದ್ದಿದ್ದ ದಿನ ಇವತ್ತಿಗೂ ಒಂದು ಕ್ಷಣ ಚುರುಕ್ ಎನ್ನುತ್ತದೆ.

ಹೂ ಕಟ್ಟುವುದನ್ನು ನೀವಿಬ್ಬರೂ ಕಲಿಯಲಿಲ್ಲ. ಎಂದಾದರೂ ಕಡ್ಡಿ ಹಿಡಿದರೆ ಕೈ ಹೇಗಿರಬೇಕೆಂದು ಇಲ್ಲಿದೆ. ಈ ಹಾಳೆಗಳನ್ನು ಜೋಪಾನವಾಗಿಟ್ಟುಕೊಳ್ಳಿ. ಯಾರು ಕೇಳಿದರೂ ಓದಲು ಕೊಡಿ. ತ್ಯಾಗರಾಜನಗರದ ಮನೆಗೆ ಮಾತ್ರ, ನಾನಿರುವವರೆಗೆ, ಬೇಡ.