ಎಳ್ಳಮಾವಾಸ್ಯೆಯ ದಿನ ಅಳೆದ ಸದ್ದು

ನಿರ್ಮಲಾ ಸಿಸ್ಟರ್ ಬಿಪಿ ನೋಡುವಾಗ ಪಕ್ಕದಲ್ಲಿದ್ದವರು ಉಸಿರಾಡಿದರೂ ಗದರುತ್ತಾರೆ. ಅವರದು ಹಳೆಯ ಕಾಲದ ಪಾದರಸದ ಯಂತ್ರ. ರಟ್ಟೆಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಪಾದರಸ ಇಳಿಯುವಾಗ ನಾಡಿಯ ಟಕ್ ಟಕ್ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಕಿವಿಯಿಂದಲೇ ಹಿಡಿಯಬೇಕು. ಅಷ್ಟರಲ್ಲಿ ಮನೆ ಮುಂದೆ ಖಡಿ, ಅಂದರೆ ಜಲ್ಲಿಕಲ್ಲು ತುಂಬಿದ ಟಿಪ್ಪರ್ ಬಂದರೆ ಟಕ್ ಟಕ್ ಹೋಗಿ ಬರೀ ಗಡಗಡ. ಆಗ ಗಾಳಿ ಬಿಟ್ಟು, "ಹೋಗ್ಲಿ ತಡೀರಿ ಅದು" ಎಂದು ಕಾಯುತ್ತಾರೆ. ಅದು ಹೋದ ಮೇಲೆ ಮತ್ತೆ ಮೊದಲಿನಿಂದ. ಎರಡು ನಿಮಿಷದ ಕೆಲಸಕ್ಕೆ ಈಗ ಅರ್ಧ ತಾಸು ಹಿಡಿಯುತ್ತದೆ.

ನಾನು ಮುನಾಫ. ತಿಕೋಟಾದಿಂದ ಬಬಲೇಶ್ವರದ ಕಡೆ ಹೊರಡುವ ರಸ್ತೆಯಲ್ಲಿ, ಸಿಸ್ಟರ್ ಮನೆಯ ಎದುರಿಗೇ ನನ್ನ ಝೆರಾಕ್ಸ್ ಅಂಗಡಿ. ನಾನು ಮಾತಾಡಿದರೆ ಜಗಳಕ್ಕೆ ಬಂದವನ ಹಾಗೆ ಕೇಳಿಸುತ್ತದೆ ಎಂದು ನನ್ನ ಹೆಂಡತಿ ಶಾಹಿಸ್ತಾ ದೂರುತ್ತಾಳೆ. ಈ ರಸ್ತೆಯ ಮೇಲೆ ಹದಿನೈದು ವರ್ಷ ಕೂತವನು ಮೆತ್ತಗೆ ಮಾತಾಡುವುದನ್ನು ಎಲ್ಲಿಂದ ಕಲಿಯಬೇಕು? ಇವತ್ತು ಹೇಳುವ ಸಂಗತಿಗಂತೂ ನನ್ನ ಗಂಟಲು ಏರುವುದೇ. ಅದಕ್ಕೆ ಮಾಫಿ ಕೇಳುವುದಿಲ್ಲ.

ಸಿಸ್ಟರ್ ಹುಟ್ಟಿದ್ದು ಕಾಖಂಡಕಿಯಲ್ಲಿ. ಅಪ್ಪ ನಲವತ್ನಾಲ್ಕಕ್ಕೇ ಎದೆ ಹಿಡಿದುಕೊಂಡು ಹೋದ. ಆಗ ಇವರಿಗೆ ಇಪ್ಪತ್ತು, ತಮ್ಮ ಚಂದ್ರಕಾಂತನಿಗೆ ನಾಲ್ಕು. ನರ್ಸ್ ತರಬೇತಿ ಮುಗಿಸಿ ನೌಕರಿ ಹಿಡಿದವರು ನಲವತ್ತು ವರ್ಷ ಬಬಲೇಶ್ವರ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದರು, ಸೂಜಿ ಚುಚ್ಚಿದರು, ಬೈದರು. ತಮ್ಮನನ್ನು ಹೋದ ಹೋದ ಊರಿಗೆ ಕಂಕುಳಲ್ಲಿಟ್ಟುಕೊಂಡು ಹೋಗಿ ಸಾಲಿ ಕಲಿಸಿದರು. ಮದುವೆಯಾಗಲಿಲ್ಲ. ಅದನ್ನು ಯಾರಾದರೂ ತ್ಯಾಗ ಎಂದರೆ ಅವರಿಗೆ ಪಿತ್ತ ನೆತ್ತಿಗೇರುತ್ತದೆ.

"ನೋಡಾಕ ಬಂದ ಗಂಡಸ್ರೆಲ್ಲ ನೌಕರಿ ಬಿಡು ಅಂದ್ರು. ನಾ ಅವರನ್ನ ಬಿಟ್ಟೆ. ಇದರಾಗ ತ್ಯಾಗ ಎಲ್ಲಿ ಬಂತೋ ಮುನಾಫ?"

ನಿವೃತ್ತಿಗೆ ಮುಂಚೆ ಈ ಮನೆ ಕಟ್ಟಿಸಿದರು. ಜನ್ಮವೆಲ್ಲ ಬಾಡಿಗೆ ಕೋಣೆಗಳಲ್ಲಿ ಕಳೆದವರಿಗೆ ಇದು ಮೊದಲ ಸ್ವಂತ ಬಾಗಿಲು. ರಸ್ತೆಯ ಮೇಲೇ ಇದ್ದರೆ ಮಂದಿ ಬಿಪಿ ತೋರಿಸಲು ಬರುವುದು ಸಲೀಸು ಎಂದು ಈ ಜಾಗ ಆರಿಸಿದರು. ಆಗ ಈ ರಸ್ತೆಯಲ್ಲಿ ಬಸ್ಸು ಬಿಟ್ಟರೆ ಎಮ್ಮೆ.

ತಮ್ಮ ಚಂದ್ರಕಾಂತ ಬೆಳೆದು ಟಿಪ್ಪರ್ ಮಾಲೀಕನಾದ. ಒಂದಿದ್ದದ್ದು ನಾಲ್ಕಾಯಿತು, ನಾಲ್ಕು ಹನ್ನೊಂದಾಯಿತು. ಮೊದಲ ಗಾಡಿಯ ಗಾಲಿಯಡಿ ನಿಂಬೆಹಣ್ಣು ಇಟ್ಟವರು, ಕಾಯಿ ಒಡೆದವರು ಸಿಸ್ಟರೇ. ಎಲ್ಲ ಗಾಡಿಗಳ ಹಣೆಯ ಮೇಲೂ ಕೆಂಪು ಬಣ್ಣದಲ್ಲಿ 'ಅಕ್ಕನ ಆಶೀರ್ವಾದ' ಎಂದು ಬರೆಸಿದ್ದಾನೆ. ಅವನಿರುವುದು ವಿಜಯಪುರದಲ್ಲಿ, ಗೋಳಗುಮ್ಮಟದ ಹಿಂದಿನ ಒಂದು ಕಾಲೊನಿಯಲ್ಲಿ. ಅಲ್ಲಿಗೆ ಟಿಪ್ಪರ್ ಬರುವುದಿಲ್ಲ. ಸೊಪ್ಪಿನವಳು ಕೂಗಿದರೂ ಅಲ್ಲಿಯವರಿಗೆ ತ್ರಾಸಾಗುತ್ತದಂತೆ.

ಮೂರು ವರ್ಷದ ಹಿಂದೆ ಗುಡ್ಡದ ಕಡೆ ಕಲ್ಲು ಒಡೆಯುವ ಹೊಸ ಖಡಿ ಮಷಿನ್ ಬಂತು. ಅಂದಿನಿಂದ ಹಗಲೂ ರಾತ್ರಿ ಈ ರಸ್ತೆಗೆ ಟಿಪ್ಪರ್ ಇಳಿದವು. ಚಂದ್ರಕಾಂತನವು ಹನ್ನೊಂದು, ಬೇರೆಯವರವು ಇನ್ನೊಂದಿಷ್ಟು. ಊರ ಹೊರಗೆ ಕೆನಾಲಿನ ಗುಂಟ ಒಳ್ಳೆಯ ರಸ್ತೆ ಇದೆ, ಆದರೆ ಅದು ಐದು ಕಿಲೋಮೀಟರ್ ಸುತ್ತು. ಸಿಸ್ಟರ್ ಮನೆಯ ಮುಂದಿನ ಉಬ್ಬಿಗೆ ಬಂದಾಗ ಖಾಲಿ ಟಿಪ್ಪರಿನ ಹಿಂಬಾಗಿಲು ಧಡಾರ್ ಎನ್ನುತ್ತದೆ. ತುಂಬಿದ್ದು ಹಾರ್ನ್ ಹೊಡೆಯುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ನನ್ನನ್ನು ಕೇಳಬೇಡಿ.

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುತ್ತಿದ್ದೆ. ಸಿಸ್ಟರ್ ತಮ್ಮ ಕಟ್ಟೆಯ ಮೇಲೆ ಕೂತು ನನಗೇನೋ ಹೇಳುತ್ತಿದ್ದರು. ನಡುವೆ ಟಿಪ್ಪರ್. ಅದು ಹೋಯಿತು, ಇನ್ನೊಂದು ಬಂತು. ಮೂರನೆಯ ಸಲ ಹೇಳಿದ್ದು ಕೇಳಿಸಿತು.

"ಮುನಾಫ, ಗಾಡಿ ತರಸು. ಅಂಜಬ್ಯಾಡ. ನನಗ ಹಾರ್ಟ್ ಅಟ್ಯಾಕ್ ಆಗಾಕತ್ತೈತಿ."

ಬೆವರು ಹರಿಯುತ್ತಿತ್ತು, ಧ್ವನಿ ಮಾತ್ರ ಗಟ್ಟಿಯಾಗಿತ್ತು. ವಿಜಯಪುರ ಮುಟ್ಟುವವರೆಗೆ ಗಾಡಿಯಲ್ಲಿ ನನ್ನ ಕೈ ಅವರೇ ಹಿಡಿದು ಕೂತಿದ್ದರು. ಅಂಜಿದ್ದು ನಾನು. ಎದೆಯ ನಾಳಕ್ಕೆ ಸ್ಟೆಂಟ್ ಹಾಕಿದರು, ಜೀವ ಉಳಿಯಿತು.

ಅಲ್ಲಿಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಆದರೆ ಕೇಳುವ ತಾಳ್ಮೆ ಇದ್ದವರು. ಸಕ್ಕರೆ ಕಾಯಿಲೆ ಇಲ್ಲ, ತಂಬಾಕು ಇಲ್ಲ, ಉಪ್ಪು ಅಳೆದು ತಿನ್ನುವ ಹೆಂಗಸು. ಮತ್ತೇನು ಎಂದು ಅವರಿಗೂ ತಲೆ ಕೆಟ್ಟಿತು. ಮನೆಗೆ ಕಳಿಸುವಾಗ ಇಪ್ಪತ್ನಾಲ್ಕು ತಾಸು ತಾನೇ ಬಿಪಿ ಬರೆದುಕೊಳ್ಳುವ ಯಂತ್ರವೊಂದನ್ನು ತೋಳಿಗೆ ಕಟ್ಟಿದರು. ಮರುದಿನ ಆ ಚೀಟಿ ನೋಡಿ ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ನಿದ್ದಿಯಾಗ ಬಿಪಿ ಇಳೀಬೇಕ್ರಿ ಸಿಸ್ಟರ್. ನಿಮ್ಮದು ಇಳಿಯೋದ ಇಲ್ಲ. ಗಾಡಿ ಹೋದಾಗ ನಿಮಗ ಎಚ್ಚರ ಆಗದಿದ್ರೂ ಎದಿಗೆ ಎಚ್ಚರ ಆಗತೈತಿ. ವರ್ಷಗಟ್ಲೆ ಹಿಂಗ ಆದ್ರ ರಕ್ತನಾಳ ತಡಿಯಂಗಿಲ್ಲ. ಸದ್ದ ಒಂದ ಕಾರಣ ಅಂತ ನಾ ಹೇಳಂಗಿಲ್ಲ, ಆದ್ರ ಅದೂ ಕಾರಣ ಐತಿ. ಒಂದೋ ಮನಿ ಬಿಡ್ರಿ, ಇಲ್ಲಾ ರಾತ್ರಿ ಗಾಡಿ ನಿಲ್ಲಸ್ರಿ. ಎರಡನೇ ಸಲ ಹಿಂಗ ಬಂದ್ರ ನನ್ನ ಕೈಯಾಗ ಇರಂಗಿಲ್ಲ."

ಸಿಸ್ಟರಿಗೆ ಇದು ಹೊಸದಾಗಿರಲಿಲ್ಲ. ರಸ್ತೆ ಬದಿಯ ಮನೆಗಳವರ ಬಿಪಿ ಹಿಂದಿನ ಓಣಿಯವರಿಗಿಂತ ಮೇಲಿರುವುದನ್ನು ತಮ್ಮ ವಹಿಯಲ್ಲಿ ಎರಡು ವರ್ಷದಿಂದ ನೋಡಿದ್ದರು. "ಉಪ್ಪಿನಕಾಯಿ ಎರಡೂ ಕಡೆ ಒಂದ, ತಂಬಾಕ ಎರಡೂ ಕಡೆ ಒಂದ" ಎಂದು ನನ್ನ ಮುಂದೆ ಅಂದದ್ದೂ ಉಂಟು. ಮನೆ ಬಿಡುವ ಮಾತು ಮಾತ್ರ ಬೇಡ. ಹಾಗಾಗಿ ಮಾಲಿನ್ಯ ತಡೆಯುವ ಸರ್ಕಾರಿ ಕಚೇರಿಗೆ ಅರ್ಜಿ ಹಾಕುವುದೆಂದಾಯಿತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ದೊಡ್ಡ ಗಾಡಿಗಳು ಊರೊಳಗೆ ಬರದೆ ಕೆನಾಲ್ ರಸ್ತೆ ಹಿಡಿಯಬೇಕು. ಬೇಡಿಕೆ ಇಷ್ಟೇ.

ಅರ್ಜಿಗೆ ಮುಂಚೆ ತಮ್ಮನನ್ನು ಕರೆಸಿ ಹೇಳಿದರು. ನಾನು ಅಲ್ಲೇ ಇದ್ದೆ. ಚಂದ್ರಕಾಂತ ಅಕ್ಕನ ಕಾಲ ಬಳಿ ಕೂತು ಕಣ್ಣು ಒರೆಸಿಕೊಂಡ.

"ಹಾಕ ಅಕ್ಕಾ. ನನ್ನ ಗಾಡಿ ಅಂತ ಮುಲಾಜಿ ನೋಡಬ್ಯಾಡ. ನಾ ಒಬ್ಬಾವ ಈ ರಸ್ತೆ ಬಿಟ್ರ ಉಳಿದಾವ್ರು ಬಿಡಂಗಿಲ್ಲ. ಆರ್ಡರ್ ಬಂತಂದ್ರ ಎಲ್ಲಾರೂ ಬಿಡಬೇಕಾಗತೈತಿ. ಆಫೀಸಿನ ಓಡಾಟ ನನಗ ಬಿಡು, ನೀ ಆರಾಮ ಇರು."

ಬಾಯಲ್ಲಿ ಎಂಥ ಬೆಲ್ಲ! ಸಿಸ್ಟರ್ ಅಂದು ಊರಿಗೆಲ್ಲ ಹೇಳಿಕೊಂಡು ಬಂದರು, ತಮ್ಮ ಅಂದ್ರ ಹಿಂಗಿರಬೇಕು ಎಂದು. ನಾನೂ ಹೌದೌದು ಎಂದೆ. ಆ ಅರ್ಜಿಯನ್ನು ಟೈಪ್ ಮಾಡಿದ್ದು ನಾನೇ, ಒಂದು ಅಕ್ಷರ ತಪ್ಪಿಲ್ಲದೆ.

ಕಚೇರಿಯಿಂದ ಉತ್ತರ ಬಂತು. ಸದ್ದು ಅಳೆಯಲು ಡಿಸೆಂಬರ್‌ನಲ್ಲಿ ಹತ್ತೊಂಬತ್ತನೇ ತಾರೀಖಿಗೆ ಬರುತ್ತೇವೆ ಎಂದು. ನಾನು ಗೋಡೆಯ ಕ್ಯಾಲೆಂಡರ್ ನೋಡಿದವನೇ ತಲೆ ಮೇಲೆ ಕೈ ಹೊತ್ತೆ. ಅವತ್ತು ಎಳ್ಳಮಾವಾಸ್ಯೆ.

ನಮ್ಮ ಕಡೆ ಅಮಾವಾಸ್ಯೆ ದಿನ ಕೆಲವು ಗಾಡಿಯವರು ಗಾಡಿ ಹೊರಡಿಸುವುದಿಲ್ಲ, ತೊಳೆದು ಪೂಜೆ ಮಾಡಿ ನಿಲ್ಲಿಸುತ್ತಾರೆ. ಅದರಲ್ಲೂ ಎಳ್ಳಮಾವಾಸ್ಯೆ ಎಂದರೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತದೆ. ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಅಲ್ಲೇ ಉಂಡು, ಸಂಜೆಗೆ ಮರಳುವುದು. ಡ್ರೈವರ್, ಕ್ಲೀನರ್, ಖಡಿ ಮಷಿನ್ನಿನವರು ಎಲ್ಲ ಹೊಲದಲ್ಲಿ. ವರ್ಷದಲ್ಲಿ ಈ ರಸ್ತೆಯಲ್ಲಿ ನಾಯಿ ಮಲಗಬಹುದಾದ ದಿನ ಅದೊಂದೇ.

ಬದಲಿ ದಿನ ಕೇಳಲು ಚಂದ್ರಕಾಂತನೇ ಕಚೇರಿಗೆ ಹೋಗಿ ಬಂದ. ಆಗಲ್ಲ ಅಂತಾರಕ್ಕಾ ಎಂದ. ಹೇಳಿದ ದಿನವೇ ಜೀಪು ಬಂತು. ಸಾಹೇಬರು ದೂರದ ಜಿಲ್ಲೆಯವರು. ಸಿಸ್ಟರ್ ಮನೆಯ ಕಟ್ಟೆಗೆ ಬಂದು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಸದ್ದಳೆಯುವ ಯಂತ್ರ ನಿಲ್ಲಿಸಿದರು. ಆ ದಿನ ಮೊದಲ ಬಾರಿಗೆ ನನ್ನ ಅಂಗಡಿಯ ಗಡಿಯಾರ ಸದ್ದು ಮಾಡುತ್ತದೆಂದು ನನಗೆ ಗೊತ್ತಾಯಿತು.

"ಸಾಹೇಬ್ರ, ಇವತ್ತ ಎಳ್ಳಮಾಸಿ ಐತ್ರಿ. ನಾಳೆ ಬರ್ರಿ. ಇಲ್ಲಾ, ಒಂದ ರಾತ್ರಿ ಇಲ್ಲೇ ಇದ್ದು ನೋಡ್ರಿ," ಎಂದು ಸಿಸ್ಟರ್ ಕೈ ಮುಗಿದರು. ಜನ್ಮದಲ್ಲಿ ಯಾರಿಗೂ ಕೈ ಮುಗಿದು ಬೇಡಿದವರಲ್ಲ ಅವರು.

"ಫೈಲಿನಲ್ಲಿರುವ ದಿನ ಇದೇ ಮೇಡಂ. ಮತ್ತೆ ಬೇಕಾದರೆ ಹೊಸ ಅರ್ಜಿ ಕೊಡಿ," ಎಂದರು ಸಾಹೇಬರು.

ಮಧ್ಯಾಹ್ನ ಚಂದ್ರಕಾಂತ ಹೊಲದಿಂದ ಬುತ್ತಿ ತಂದ. ಬಂದವನೇ ಸಾಹೇಬರ ಮೇಲೆ ಹರಿಹಾಯ್ದ. "ನಮ್ಮ ಅಕ್ಕನ ಜೀವದ ಜೋಡಿ ಆಟಾ ಆಡಾಕತ್ತೀರೇನ್ರಿ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಆಮೇಲೆ ತಣ್ಣಗಾಗಿ ಎಲ್ಲರಿಗೂ ಸಜ್ಜೆ ಕಡುಬು, ಭಜ್ಜಿ ಪಲ್ಯ ಬಡಿಸಿದ. ಅಕ್ಕನ ಹೆಗಲು ಹಿಡಿದು, "ಸರ್ಕಾರಿ ಮಂದಿಗೆ ಎಳ್ಳಮಾಸಿ ಏನ ತಿಳಿತೈತಿ, ಬಿಡು" ಎಂದ. ನಾನೂ ಎರಡು ಕಡುಬು ತಿಂದೆ.

ಒಂದು ತಿಂಗಳಿಗೆ ವರದಿ ಬಂತು. ಹಗಲಿನ ಮಿತಿ ಐವತ್ತೈದು ಡೆಸಿಬೆಲ್, ಇಲ್ಲಿ ಕಂಡದ್ದು ನಲವತ್ತೆಂಟು. ಕ್ರಮದ ಅಗತ್ಯ ಕಂಡುಬರುವುದಿಲ್ಲ. ಸಿಸ್ಟರ್ ಮೇಲಿನವರಿಗೆ ಬರೆಯಬೇಕೆಂದು ಅದರ ಪ್ರತಿ ತೆಗೆಸಲು ಬಂದರು. ನಾನು ಒಂದೊಂದೇ ಹಾಳೆ ಯಂತ್ರಕ್ಕಿಟ್ಟೆ. ಕೊನೆಯದು ಕೈಬರಹದ ಒಂದು ಪತ್ರ, ವರದಿಗೆ ಲಗತ್ತಿಸಿದ್ದು. ಓದಿದೆ. ಮುಚ್ಚಿಡೋಣ ಎನ್ನಿಸಿತು. ಅಷ್ಟರಲ್ಲಿ ಸಿಸ್ಟರ್ ಕೈ ಚಾಚಿಯಾಗಿತ್ತು.

'ಅರ್ಜಿದಾರರಾದ ನನ್ನ ಅಕ್ಕನವರು ಹೃದ್ರೋಗಿಯಾಗಿದ್ದು, ಅವರ ಅನುಕೂಲದ ಮೇರೆಗೆ ಶಬ್ದ ಮಾಪನವನ್ನು ಹತ್ತೊಂಬತ್ತನೇ ತಾರೀಖಿನಂದೇ, ಹಗಲು ವೇಳೆಯಲ್ಲಿಯೇ ನಡೆಸಬೇಕಾಗಿ ವಿನಂತಿ.' ಕೆಳಗೆ ಚಂದ್ರಕಾಂತನ ಸಹಿ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಮುಂದೆ ಹೇಳುವುದು? ಐದು ಕಿಲೋಮೀಟರ್ ಸುತ್ತು ಉಳಿಯಲೆಂದು ಅಕ್ಕನ ಎದೆಯನ್ನೇ ರಸ್ತೆಗೆ ಹಾಸಿದ್ದ. ಅದೂ ಅಕ್ಕನ ಅನುಕೂಲದ ಹೆಸರಿನಲ್ಲಿ! ನನ್ನ ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದೆ. ಸಿಸ್ಟರ್ ಅಳಲಿಲ್ಲ. ಆ ಪತ್ರದ ಒಂದು ಅಕ್ಷರದ ಮೇಲೆ ಬೆರಳಿಟ್ಟು, "ಈ ಳಕಾರ ನಾನ ತಿದ್ದಿಸಿದ್ದು. ಭಾಳ ದಿನ ಬರ್ತಿದ್ದಿಲ್ಲ ಅವಗ" ಎಂದರು. ಆಮೇಲೆ ತಮ್ಮ ಮಣಿಕಟ್ಟನ್ನು ತಾವೇ ಹಿಡಿದು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದರು.

"ನೂರಾ ಹದಿನೆಂಟು. ಕುರ್ಚಿ ಕೊಡು ಮುನಾಫ."

ಕೂತರು. ನೀರು ಕುಡಿದರು. "ಹೊಸಾ ಅರ್ಜಿ ಬರಿ," ಎಂದರು. "ಈ ಸಲ ಗಾಡಿ ನಂಬರ್ ಹಾಕು, ಮಾಲಕರ ಹೆಸರ ಹಾಕು."

"ಅಕ್ಕನ ಆಶೀರ್ವಾದನೂ ಹಾಕ್ಲೇನ್ರಿ?"

"ಮೊದಲ ಅದನ್ನ ಹಾಕು."

ಚಂದ್ರಕಾಂತನಿಗೆ ಇದೇನೂ ಗೊತ್ತಿರಲಿಲ್ಲ. ಅಪ್ಪ ಎದೆನೋವಿನಿಂದ ಹೋದವನೆಂದು ಅವನಿಗೂ ಒಳಗೊಳಗೇ ಅಂಜಿಕೆ. ಹದಿನೈದು ದಿನಕ್ಕೊಮ್ಮೆ ಅಕ್ಕನ ಹತ್ತಿರವೇ ಬಿಪಿ ನೋಡಿಸಿಕೊಳ್ಳುತ್ತಾನೆ, ಬೇರೆ ಯಾರ ಲೆಕ್ಕವನ್ನೂ ನಂಬುವುದಿಲ್ಲ. ಆ ಭಾನುವಾರವೂ ಮೋಸಂಬಿ ಹಿಡಿದುಕೊಂಡು ಬಂದ. ಕಟ್ಟೆಯ ಮೇಲೆ ನಾಲ್ಕು ಮಂದಿ ಇದ್ದರು, ನಾನೂ ಇದ್ದೆ. ಸಿಸ್ಟರ್ ಎಂದಿನಂತೆ ಪಟ್ಟಿ ಸುತ್ತಿ ಗಾಳಿ ತುಂಬಿ ಕಿವಿಗೊಟ್ಟರು. ಎರಡು ಸಲ ನೋಡಿದರು. ಅವರ ಹುಬ್ಬು ಏರಿದ್ದು ನನಗೆ ಕಂಡಿತು. ಅವನಿಗೂ ಕಂಡಿತು.

"ಎಷ್ಟ ಬಂತಕ್ಕಾ? ಜಾಸ್ತಿ ಐತೇನ?"

ಸಿಸ್ಟರ್ ಕಿವಿಯಿಂದ ನಳಿಗೆ ತೆಗೆದರು.

"ಇವತ್ತಿನ ಲೆಕ್ಕ ಹಿಡೀಬ್ಯಾಡ ಚಂದ್ರ್ಯಾ. ಎಳ್ಳಮಾಸಿ ದಿನ ಬಾ. ಅವತ್ತ ಅಳೆದ್ರ ಎಲ್ಲಾ ಮಿತಿಯೊಳಗ ಬರತೈತಿ."

ಎದ್ದು ನಿಂತ, ಕೂತ, ಬಾಯಿ ತೆರೆದ. ಅಷ್ಟರಲ್ಲಿ ಉಬ್ಬಿನ ಮೇಲೆ ಅವನದೇ ಟಿಪ್ಪರ್ ಧಡಾರೆಂದು ಇಳಿಯಿತು. ಅವನ ತುಟಿ ಅಲುಗಿದ್ದು ಕಂಡೆವು, ಏನಂದನೋ ಕೇಳಿಸಲಿಲ್ಲ. ಏನಂದಿ ಎಂದು ಸಿಸ್ಟರ್ ಕೇಳಲಿಲ್ಲ.

ಬಿಪಿಯ ಚೀಟಿಯಲ್ಲಿ ಹೆಸರಿನ ಜಾಗಕ್ಕೆ ಅವನದಾದರೆ ಅವರು ಯಾವಾಗಲೂ 'ತಮ್ಮ' ಎಂದು ಬರೆಯುತ್ತಿದ್ದರು. ಅವತ್ತು ಬರೆದರು: ಚಂದ್ರಕಾಂತ, ವಯಸ್ಸು ನಲವತ್ತೇಳು, ಗಂಡು, ನೂರಾ ತೊಂಬತ್ತು–ನೂರಾ ಹತ್ತು, ಇವತ್ತೇ ಡಾಕ್ಟರಿಗೆ ತೋರಿಸಬೇಕು. ಚೀಟಿ ಅವನ ಕೈಗಿಟ್ಟು, ಅವನ ತಲೆಯ ಮೇಲಿಂದ ಕಟ್ಟೆಯ ಕಡೆ ನೋಡಿ, "ಮುಂದಿನವ್ರು ಬರ್ರಿ" ಎಂದರು.