ಹೋಮದ ಬೂದಿಗೂ ಟಿಕ್ ಟಿಕ್

ಓದುವ ಮೊಮ್ಮಕ್ಕಳೇ, ಹೋದ ಶನಿವಾರ ನನ್ನ ರಾಜಗಿರಿ ಸೊಪ್ಪಿನ ಮಡಿಯನ್ನು ಪೂರ್ತಿ ಕಿತ್ತುಹಾಕುವ ತನಕ ಮಾತು ಹೋಯಿತು. ಕಾರಣ? ಒಂದು ಡಬ್ಬಿ ಬೂದಿ.

ಅಮೆರಿಕದ ಫ್ರಿಸ್ಕೋ ಊರಿನ ನಮ್ಮ ಹಿತ್ತಲಿನ ಮಣ್ಣು ಥೇಟ್ ಎರೆ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಗೃಹಪ್ರವೇಶದ ಹೋಮದ ಬೂದಿಯನ್ನು ಗರಾಜಿನಲ್ಲಿ ಡಬ್ಬಿಗೆ ತುಂಬಿಟ್ಟಿದ್ದೆ (ಕಸಕ್ಕೆ ಹಾಕಲು ಮನಸ್ಸಾಗಲಿಲ್ಲ). ಅದನ್ನೇ ಮಡಿಗೆ ಉದುರಿಸಿದ್ದೆ. ಸೊಪ್ಪು ಹುಲುಸಾಗಿ ಬಂತು. ಸೊಸೆ ಶ್ರುತಿಗೆ ಈಗ ಏಳು ತಿಂಗಳು, ಬಯಕೆಯೂ ಅದರದೇ.

ಅಷ್ಟರಲ್ಲಿ ಮೊಮ್ಮಗಳು ಅನಿಕಾ ಶಾಲೆಯ ಪ್ರಾಜೆಕ್ಟಿಗೆಂದು ವಿಕಿರಣ ಅಳೆಯುವ ಯಂತ್ರ ತಂದಳು. ಕಂಡಕಂಡದ್ದಕ್ಕೆಲ್ಲ ಹಿಡಿಯುತ್ತ ಬೂದಿ ಡಬ್ಬಿಗೂ ಹಿಡಿದಳು. ಯಂತ್ರದ ಟಿಕ್ ಟಿಕ್ ತುಸು ಜೋರಾಯಿತು.

ಮಗ ಗಾಬರಿಯಾದ. "ಅವ್ವಾ, ಆ ಸೊಪ್ಪು ಶ್ರುತಿಗೆ ಹಾಕಬ್ಯಾಡ. ಎಲ್ಲಾ ಕಿತ್ತು ಒಗದಬಿಡೂಣು."

ಹೊಟ್ಟೆಯಲ್ಲಿ ಕೂಸಿರುವಾಗ ನಾನು ಹಟ ಮಾಡಲಾದೀತೇ? ಅನಿಕಾಳ ಟೀಚರ್ ಏನನ್ನುತ್ತಾರೋ ಕೇಳಿ ಕೀಳೋಣ ಎಂದೆ, ಅಷ್ಟೇ.

ಭಾನುವಾರ ಉತ್ತರ ಬಂತು. ಬೂದಿಯಲ್ಲಿ ಗಿಡಕ್ಕೆ ಬೇಕಾದ ಪೊಟ್ಯಾಷ್ ಇದೆ, ಅದರಲ್ಲಿ ಹುಟ್ಟಿನಿಂದಲೇ ಒಂಚೂರು ವಿಕಿರಣವಿದೆ. ಬಾಳೆಹಣ್ಣಿನಲ್ಲೂ ಇದೆ, ನಮ್ಮ ಮೈಯಲ್ಲೂ ಇದೆ. ನಿಮ್ಮ ಹಿತ್ತಲಿಗೆ ಹೆದರಬೇಡಿ ಎಂದಿದ್ದರು. ಹೆದರಬೇಕಾದ್ದು ಅಣುಸ್ಥಾವರ ಕೆಟ್ಟು ಹೊಲದ ಮೇಲೆ ಸೀಸಿಯಂ ಎಂಬ ವಿಕಿರಣ ವಸ್ತು ಬಿದ್ದಾಗ. ಅದು ನೋಡಲು ಪೊಟ್ಯಾಷಿನ ತಮ್ಮನ ಹಾಗಂತೆ. ಬೇರು ಅದನ್ನೂ ಹೀರಿ ಎಲೆಗೆ, ಕಾಳಿಗೆ ಕಳಿಸುತ್ತದಂತೆ. ಸ್ಟ್ರಾನ್ಷಿಯಂ ಎಂಬ ಇನ್ನೊಂದು ಸುಣ್ಣದ ವೇಷದಲ್ಲಿ ಒಳಗೆ ಬರುತ್ತದಂತೆ. ಜಿಗುಟು ಮಣ್ಣು ಸೀಸಿಯಂ ಅನ್ನು ಬಿಗಿಯಾಗಿ ಹಿಡಿದುಕೊಂಡರೆ, ಮರಳು ಮಣ್ಣು ಸುಲಭಕ್ಕೆ ಬಿಟ್ಟುಕೊಡುತ್ತದಂತೆ.

ನನಗೆ ತಡೆಯಲಾಗಲಿಲ್ಲ. "ಬೇರಿಗೆ ಫರಕು ಗೊತ್ತಾಗೂದಿಲ್ಲೇನ?"

"ಇಲ್ಲ ಅಜ್ಜಿ. ಪ್ಲಾಂಟ್ ಪೊಟ್ಯಾಷಿಗೆ ಹಸಿದಿದ್ರೆ ಸೀಸಿಯಂ ಜಾಸ್ತಿ ತಗೊಳ್ತದ. ಪೊಟ್ಯಾಷ್ ಕೊಟ್ರೆ ಕಡಿಮಿ. ಸೋ ನಿನ್ನ ಬೂದಿ ಗುಡ್. ಕಟ್ಟಿಗಿ ಕ್ಲೀನ್ ಇದ್ರೆ, ಸೀಸಿಯಂ ಬಿದ್ದ ಕಾಡಿಂದು ಅಲ್ಲದಿದ್ರೆ," ಎಂದಳು ಅನಿಕಾ.

ಹೋಮದ ಕಟ್ಟಿಗೆ ಎಲ್ಲಿಯದು? ಇಂಡಿಯನ್ ಅಂಗಡಿಯ ಪ್ಯಾಕೆಟ್. ಅದಕ್ಕೂ ಮುಂಚೆ ಯಾವ ಕಾಡು? ಯಾರಿಗೂ ಗೊತ್ತಿಲ್ಲ. ಮಗ ಪ್ಯಾಕೆಟ್ ಹುಡುಕಲು ಎದ್ದ.

ಶ್ರುತಿ ಮೈಸೂರಿನವಳು, ಮಾತು ಮೆತ್ತಗೆ. "ಟೀಚರ್ ಹೆದರಬೇಡಿ ಅಂದಿದ್ದಾರಲ್ಲ ಅತ್ತೆ, ನೀವು ಪಲ್ಯ ಮಾಡಿ. ನನಗೆ ಹಸಿವು," ಎಂದಳು.

ಮಾಡಿದೆ. ಅವಳು ಎರಡು ಸಲ ಹಾಕಿಸಿಕೊಂಡಳು. ಮಗನೂ ತಿಂದ, ಮೊದಲು ಮೂಸಿ ನೋಡಿ.

ಆದರೆ ಸೊಪ್ಪನ್ನು ಎಂದಿನಂತೆ ಮೂರು ನೀರಿನಲ್ಲಿ ತೊಳೆಯುವಾಗ ಒಂದು ಪ್ರಶ್ನೆ ಬಂತು, ಇನ್ನೂ ಹೋಗಿಲ್ಲ: ಎಲೆಯ ಮೇಲಿನ ಮಣ್ಣೇನೋ ತೊಳೆದೆ, ಬೇರು ಕುಡಿದದ್ದನ್ನು ಯಾವ ನೀರಿನಲ್ಲಿ ತೊಳೆಯುವುದು?