ಹೊಳಗೇರಿನ ಹಾಲು

ಬಾಗಿಲು ತೆರೆದಾಗ ಎದುರು ನಿಂತಿದ್ದವಳು ನಮ್ಮ ಮನೆಗೆಲಸದ ಗಂಗವ್ವ ಎಂದು ಗುರುತೇ ಸಿಗಲಿಲ್ಲ. ಮುಖವೆಲ್ಲ ಬಾತು ಕಣ್ಣುಗಳು ಅರ್ಧ ಮುಚ್ಚಿಹೋಗಿದ್ದವು. ಮೊಣಕೈವರೆಗೂ ನೀರುಗುಳ್ಳೆಗಳು ಎದ್ದಿದ್ದವು.

ಎರಡು ದಿನದ ಹಿಂದೆ, ಕೋಗಿಲಬನದ ನಮ್ಮ ಮನೆಯ ಹಿತ್ತಲಿನ ಮರದ ಟೊಂಗೆ ಕಡಿಯಲು ಅವಳಿಗೆ ಹೇಳಿದ್ದೆ. "ಅಕ್ಕಾರ, ಇದು ಹೊಳಗೇರು. ಇದರ ಹಾಲು ಮೈ ಸುಡತೈತ್ರಿ" ಎಂದಿದ್ದಳು. ಕೆಲಸ ತಪ್ಪಿಸಿಕೊಳ್ಳುವ ನೆಪ ಎಂದುಕೊಂಡು ಗದರಿದೆ. ಕಡಿದಳು. ಕೈಗೆ ಹಾಲು ತಾಗಿ ಸಾಬೂನು ಕೇಳಿದಾಗಲೂ, ಮೊದಲು ಕೆಲಸ ಮುಗಿಸು ಎಂದಿದ್ದೆ.

ಜಗಳಕ್ಕೇ ಬಂದಿದ್ದಾಳೆ ಎಂದು ನಾನು ಉತ್ತರ ಹುಡುಕುತ್ತಿದ್ದೆ. ಅವಳು ಹೇಳಿದ್ದೇ ಬೇರೆ.

"ಆ ಕಟಗಿ ಬಚ್ಚಲ ಒಲಿಗೆ ಹಾಕಬ್ಯಾಡ್ರಿ. ಹೊಗಿ ತಾಗಿದ್ರೂ ಹಿಂಗ ಆಗತೈತಿ. ಮನ್ಯಾಗ ನಿಮ್ಮ ಸಣ್ಣ ಹುಡುಗಿ ಅದಾಳ."

ಇಷ್ಟನ್ನು ಹೇಳಲು ಆ ಸ್ಥಿತಿಯಲ್ಲಿ ಎರಡು ಕಿಲೋಮೀಟರ್ ನಡೆದು ಬಂದಿದ್ದಳು.

ಕೂಡಲೇ ದಾಂಡೇಲಿಯ ಡಾಕ್ಟರ ಬಳಿ ಕರೆದೊಯ್ದೆ. ಗುಳ್ಳೆ ಒಡೆಯಬೇಡ ಎಂದು ಹೇಳಿ ಅವರು ಮುಲಾಮು, ಮಾತ್ರೆ ಬರೆದುಕೊಟ್ಟರು. "ಹಾಲು ತಾಗಿದ ಕೂಡಲೇ ಸಾಬೂನು ಹಚ್ಚಿ ತೊಳದಿದ್ರ ಇಷ್ಟು ಆಗ್ತಿರಲಿಲ್ಲ. ಯಾಕ ತೊಳೀಲಿಲ್ಲ?" ಎಂದು ಅವಳನ್ನೇ ಬೈದರು. ಗಂಗವ್ವ ನನ್ನ ಕಡೆ ನೋಡದೆ, "ಗೊತ್ತಾಗಲಿಲ್ರೀ" ಎಂದಳು. ನಾನು ಔಷಧಿಯ ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡೆ.

ಗುಳ್ಳೆಗಳು ಮೂರು ವಾರದಲ್ಲಿ ಮಾಯ್ದವಂತೆ. ಅವಳು ಮತ್ತೆ ಕೆಲಸಕ್ಕೆ ಬರಲಿಲ್ಲ. ಸಂತೆಯಲ್ಲಿ ಎದುರಾದರೆ "ಆರಾಮ ಅದೀರೇನ್ರಿ ಅಕ್ಕಾರ" ಎಂದು ಅವಳೇ ಮಾತಾಡಿಸುತ್ತಾಳೆ. ಆವತ್ತು ಡಾಕ್ಟರ ಮುಂದೆ ನಾನು ಆಡದ ಮಾತನ್ನು ಅವಳ ಮುಂದೆಯೂ ಇನ್ನೂ ಆಡಿಲ್ಲ.